ಹಿನ್ನೀರಿನ ಮೇಲೆ ಕೂತ ಹಳೆಯ ಟೋಪೋಶೀಟು

ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚಿನ ಟೋಪೋಶೀಟನ್ನು, ಅಂದರೆ ಸರ್ವೆ ಇಲಾಖೆಯ ನೆಲನಕಾಶೆಯನ್ನು, ಇಂದಿನ ಉಪಗ್ರಹ ಚಿತ್ರದ ಮೇಲೆ ನಿಖರವಾಗಿ ಕೂರಿಸಲು ಆಗುವುದೇ ಇಲ್ಲ ಎಂದು ಬಾಗಲಕೋಟೆಯ ಸರ್ವೆ ಗೆಳೆಯರು ಕೈಚೆಲ್ಲಿದ್ದರು. ಕೂತಿದೆ. ನಂಬದವರು ಬಂದು ನೋಡಬಹುದು.

ಶೀಟು ಐವತ್ತರ ದಶಕದ್ದು, ಇಂಚಿಗೆ ಒಂದು ಮೈಲಿ, ಇಲಾಖೆಯ ಕ್ರಮಸಂಖ್ಯೆಯಲ್ಲಿ 47 ಪಿ ಗುಂಪಿನದು. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಸೀಮೆ. ಆಲಮಟ್ಟಿ ಅಣೆಕಟ್ಟು ಇನ್ನೂ ಇಲ್ಲ, ದಂಡೆಯುದ್ದಕ್ಕೂ ಊರು, ಬಾವಿ, ಗಾಡಿದಾರಿ.

ಶೀಟಿನ ಮೊಬೈಲ್ ಫೋಟೋವನ್ನು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶಕ್ಕೆ ಹಾಕಿದರೆ ಅಂಚುಗಳು ಬಿಲ್ಲಿನಂತೆ ಬಾಗಿದವು. ಹುಬ್ಬಳ್ಳಿಯ ಒಂದು ಅಂಗಡಿಗೆ ಬಸ್ ಚಾರ್ಜೂ ಸೇರಿ ಎಂಟು-ಒಂಬತ್ತು ನೂರು ಸುರಿದೆ. ಅವರ ರೋಲರ್ ಯಂತ್ರ ಒಂದು ಮೂಲೆಯನ್ನೇ ಹಿಗ್ಗಿಸಿಬಿಟ್ಟಿತು. ಕೊನೆಗೆ ಸಾದಾ ಸ್ಕ್ಯಾನರಿನಲ್ಲಿ ತುಂಡು ತುಂಡಾಗಿ ತೆಗೆದು ಜೋಡಿಸಿದೆ. ಹಳೆಯ ನಕಾಶೆಗಳು ಅಕ್ಷಾಂಶ-ರೇಖಾಂಶಕ್ಕೆ ಆಧಾರವಾಗಿ ಹಿಡಿದ ಎವರೆಸ್ಟ್ ಡೇಟಂ ಲೆಕ್ಕಕ್ಕೆ ಹಿಡಿದ ಮೇಲೂ ಕಾಗದದ ಮಡಿಕೆಗಳ ಹತ್ತಿರ ನೂರು ಮೀಟರಿನಷ್ಟು ಹೊಯ್ದಾಟ. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದಲ್ಲಿ 63 ಮೀಟರ್ ಆದಾಗ, ಕಾಗದ ಕೊಂಚ ಕುಗ್ಗಿದರೂ ಊರೇ ಜಾಗ ಬಿಡುತ್ತದೆ.

ರಸ್ತೆ, ಸೇತುವೆಗಳನ್ನು ನಂಬಲಿಲ್ಲ. ಗುಡ್ಡದ ನೆತ್ತಿಯಲ್ಲಿ ಸರ್ವೆಯವರು ಅಳತೆಗಿಟ್ಟ ತ್ರಿಕೋನ ಗುರುತು, ಎತ್ತರದ ಗುಡಿಗಳನ್ನು ಶೀಟಿಗೂ ಚಿತ್ರಕ್ಕೂ ತಾಳೆ ಹಾಕುವ ಬಿಂದುಗಳಾಗಿ ಹಿಡಿದೆ. ಮಡಿಕೆಯ ಆಚೆ-ಈಚೆ ಬಿಂದುಗಳನ್ನು ಹೇಗೆ ಹಂಚಿದೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಒಂದು ಬೇಸಿಗೆಯ ಗಳಿಕೆ.

ಪರೀಕ್ಷೆಯನ್ನು ಮಾತ್ರ ಹೇಳುತ್ತೇನೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.6 ಮೀಟರ್, ಅಂದರೆ 1,705 ಅಡಿಗೆ ತುಸು ಕಡಿಮೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಶೀಟಿನಲ್ಲಿ 50 ಅಡಿಗೊಂದು. 1,700ರ ರೇಖೆಯೂ ಅದರಲ್ಲಿದೆ. ಹಾಗಾದರೆ ಜಲಾಶಯ ತುಂಬಿದ ದಿನದ ಚಿತ್ರದಲ್ಲಿ ನೀರಿನ ಅಂಚು ಆ ಕಂದು ಗೆರೆಯ ಹೊರಮಗ್ಗುಲಿಗೇ ಸಾಗಬೇಕು. ಸಾಗಿತು! ಹಳ್ಳಗಳ ಬಾಯಲ್ಲಿ ನೀರು ಒಳನುಗ್ಗಿದ ತಿರುವುಗಳೂ ಹೊಂದಿದವು. ಎರೆಹೊಲದ ಸಮತಟ್ಟಿನಲ್ಲಿ ಗೆರೆಗೂ ನೀರಿಗೂ ಅಂತರ ಕಂಡರೆ ಗಾಬರಿ ಬೇಡ, ಅಲ್ಲಿ ಐದಡಿ ಏರಿದರೆ ನೀರು ಹೊಲಗಟ್ಟಲೆ ಹರಡುತ್ತದೆ.

ನಡುವೆ ಅಮೆರಿಕ ಸೇನೆಯ ಯು502 ನಕಾಶೆ ಸರಣಿಯನ್ನೂ ಇಳಿಸಿಕೊಂಡು ನೋಡಿದೆ. ಪುಕ್ಕಟೆ ಸಿಗುತ್ತದೆ, ನದಿಯ ಬಳುಕು ನೋಡಲು ಚೆಂದ. ಆದರೆ 1:2,50,000ರಷ್ಟು ಕುಗ್ಗಿಸಿದ ನಕಾಶೆಯಲ್ಲಿ ಬಾವಿ ಹುಡುಕುವುದು ವ್ಯರ್ಥ. ವಿಜಯಪುರದ ಇಂಚಿನ ಶೀಟು ಸಲೀಸಾಗಿ ಕೂತಿತು, ಗೋಳಗುಮ್ಮಟ ಅಲ್ಲಾಡುವುದಿಲ್ಲವಲ್ಲ.

ಮೇ ತಿಂಗಳಲ್ಲಿ ನೀರು ಇಳಿದಾಗ ಬಾವಿಯ ಗುರುತು ಹಿಡಿದು ಮೊಬೈಲಿನೊಂದಿಗೆ ಹೋದೆ. ಮೂವತ್ತು-ನಲವತ್ತು ಹೆಜ್ಜೆ ಆಚೆಗೆ ಕಲ್ಲಿನ ಕಟ್ಟೆ. ಹೂಳು ಕಂಠದವರೆಗೆ ತುಂಬಿತ್ತು, ಹಗ್ಗ ಉಜ್ಜಿದ ಗೀರು ಮಾತ್ರ ಹಾಗೆಯೇ ಇತ್ತು.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿಗೆ. ಬೀಳಗಿ ಕಡೆಯ ಶೀಟು ಯಾರ ಬಳಿಯಾದರೂ ಇದ್ದರೆ ತಿಳಿಸಿ, ಸ್ಕ್ಯಾನ್ ಖರ್ಚು ನನ್ನದು. ಮಡಿಸಿದ್ದು, ಹರಿದದ್ದು ನಡೆಯುತ್ತದೆ. ಲ್ಯಾಮಿನೇಟ್ ಮಾಡಿಸಿದ್ದು ಬೇಡ.