ಬಿ-ಸ್ಕ್ಯಾನ್‌ನಾಗ ಕಣ್ಣಿನ ಸ್ನಾಯು ಅಳದ ಕತಿ

ಸಿಂಧನೂರಾಗ ಕುಂತು ಥೈರಾಯ್ಡ್ ಕಣ್ಣು, ಅಂದ್ರ ಥೈರಾಯ್ಡ್ ಜಡ್ಡಿನ ಜೋಡಿ ಬರೋ ಕಣ್ಣಿನ ಬಾವು, ಅದರಾಗ ದಪ್ಪಾಗೋ ಗುಡ್ಡಿ ತಿರುಗಿಸೋ ಸ್ನಾಯು ಅಳೀತೀನಿ ಅಂದಾಗ ನಮ್ಮ ಡಾಕ್ಟರ್ ಗೆಳೆಯರೇ ನಕ್ರು, ಬಿ-ಸ್ಕ್ಯಾನ್ ಅನ್ನೋ ಕಣ್ಣಿನ ಅಲ್ಟ್ರಾಸೌಂಡ್ ಇರೋದು ರೆಟಿನಾ ನೋಡಾಕ, ನೀ ಏನ್ ಮಾಡ್ತಿ ಅಂತ. ಆದ್ರ ಸಲ ಸಲ ಸಿಟಿ ಸ್ಕ್ಯಾನ್ ಬರದ್ರ ಮೂರು-ನಾಕು ಸಾವಿರ, ಮ್ಯಾಲೆ ರಾಯಚೂರಿಗೆ ಬಸ್ಸು, ಒಂದಿನದ ಕೂಲಿ, ಭತ್ತದ ನಾಟಿ ಟೈಮಿನ್ಯಾಗಂತೂ ಯಾರೂ ಹೋಗಂಗಿಲ್ಲ. ಸೆಕೆಂಡ್ ಹ್ಯಾಂಡ್ ಮಷಿನ್ನು, ಎರಡೂವರಿ ಲಕ್ಷ ಕೊಟ್ಟಿದ್ದೆ, ಸುಮ್ಮನ ಮೂಲ್ಯಾಗ ಇತ್ತು.

ಮೊದಲ ಎರಡು ತಿಂಗಳು ಪೂರಾ ದಂಡ. ನಮ್ಮ ಕಾಂಪೌಂಡರ್ ಹುಡುಗನ ಚಲೋ ಕಣ್ಣಾಗ ಮೀಡಿಯಲ್ ರೆಕ್ಟಸ್ (ಮೂಗಿನ ಕಡಿ ಸ್ನಾಯು) 7 ಮಿಲಿಮೀಟರ್ ಬಂತು, ಇರಬೇಕಾದ್ದು 4ರ ಆಸುಪಾಸು. "ಸರ್, ನನಗೂ ಥೈರಾಯ್ಡ್ ಅದ ಏನ್ರಿ?" ಅಂತ ಗಾಬರಿ ಆದ, ನನ್ನ ರೊಕ್ಕದಾಗ ಟಿಎಸ್‌ಎಚ್, ಅಂದ್ರ ಥೈರಾಯ್ಡಿನ ರಕ್ತ ಟೆಸ್ಟ್ ಮಾಡಿಸಿದೆ, ನಾರ್ಮಲ್. ತಪ್ಪು ನಂದೇ, ಸ್ಕ್ಯಾನಿನ ಅಲೆ ಸ್ನಾಯುವಿಗೆ ಓರೆಯಾಗಿ ಬೀಳಿಸಿ ಅಳೀತಿದ್ದೆ. ಮೂಗಿನ ಕಡಿ ಸ್ನಾಯುಗ ಕಿವಿ ಕಡಿಂದ ಪ್ರೋಬ್ (ಕಣ್ಣಿಗೆ ಹಚ್ಚೋ ಸ್ಕ್ಯಾನಿನ ಕಡ್ಡಿ) ಇಡಬೇಕು, ಪೇಷಂಟ್ ನೆಟ್ಟಗ ನೋಡಬೇಕು, ನೋಟ ಒಂಚೂರು ಮೂಗಿನ ಕಡಿ ಸರದ್ರೂ ಸ್ನಾಯು ಬಿಗಿಯಾಗಿ ದಪ್ಪ ಕಾಣ್ತದ. ನಡುವ ಪ್ರೋಬಿನ ವೈರ್ ಹೋಗಿ ನಲ್ವತ್ತು ಸಾವಿರ ಬಿತ್ತು, ಮನ್ಯಾಗ ಮಾತು ಬಿಟ್ರು. ಚಿತ್ರದ ಬೆಳಕು ಹೆಚ್ಚು-ಕಮ್ಮಿ ಮಾಡೋ ಗೇನ್ ಎಷ್ಟಕ್ಕ ಇಡ್ತೀನಿ ಅಂತ ಮಾತ್ರ ಕೇಳಬ್ಯಾಡ್ರಿ, ಅದಕ್ಕ ನಾ ವರ್ಷ ಕಳದೀನಿ.

ಆಮ್ಯಾಲೆ ಬಂದ್ರು ಒಬ್ಬ ರೈಸ್ ಮಿಲ್ ಮುನ್ಶಿ. ಒಂದೇ ಕಣ್ಣು ಕೆಂಪಾಗಿ ಬಾತಿತ್ತು, ಮ್ಯಾಲೆ ನೋಡಿದ್ರ ಎರಡೆರಡು ಕಾಣ್ತದ, ಥೈರಾಯ್ಡ್ ರಿಪೋರ್ಟ್ ನಾರ್ಮಲ್. ಎಲ್ಲೋ ಎರಡು ತಿಂಗಳು ಕಣ್ಣುಬ್ಯಾನಿ ಡ್ರಾಪ್ಸ್ ಹಾಕಿಸ್ಕೊಂಡು ಬಂದಿದ್ರು. ನನ್ನ ಸ್ಕ್ಯಾನಿನ್ಯಾಗ ಕೆಳಗಿನ ಸ್ನಾಯುವಿನ ಹೊಟ್ಟಿ ದಪ್ಪ, ಟೆಂಡನ್ (ಸ್ನಾಯು ಗುಡ್ಡಿಗೆ ಅಂಟೋ ತುದಿ) ತೆಳ್ಳಗ, ರಿಪೋರ್ಟ್ ನಾರ್ಮಲ್ ಇದ್ರೂ ಇದು ಥೈರಾಯ್ಡ್ ಕಣ್ಣಿನ ಚಹರಿ. ಮಯೋಸೈಟಿಸ್, ಅಂದ್ರ ಬರೇ ಸ್ನಾಯುವಿನ ಉರಿಯೂತ ಆಗಿದ್ರ ಸಾಮಾನ್ಯವಾಗಿ ಟೆಂಡನ್ನೂ ಬಾಯ್ತಿತ್ತು. ಸ್ನಾಯುವಿನ ಒಳಗಿಂದ ತಿರುಗಿ ಬರೋ ಅಲೆ (ಎಕೋ) ಕಮ್ಮಿ ಇತ್ತು, ಅಂದ್ರ ಇನ್ನೂ ನೀರು, ನಾರಾಗಿಲ್ಲ, ಸ್ಟಿರಾಯ್ಡ್ ಹತ್ತಬಹುದು ಅಂತ ಬರದಿಟ್ಟೆ. ಸಿಟಿ ಸ್ಕ್ಯಾನ್‌ಗೆ ಕಳಸಿದೆ, ಅರ್ಧ ಮಿಲಿಮೀಟರ್ ಫರಕಿನ್ಯಾಗ ಕೂಡಿ ಬಂತು, ನಕ್ಕಿದ್ದವರಿಗೆ ಎರಡೂ ಫಿಲ್ಮ್ ವಾಟ್ಸಾಪ್ ಮಾಡಿದೆ.

ಫಿಸಿಷಿಯನ್ನರ ಜೋಡಿ ಶುಗರ್, ಲಿವರ್ ನೋಡ್ಕೋತ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ವಾರಕ್ಕ 500 ಮಿಲಿಗ್ರಾಂ ಆರು ವಾರ, 250 ಆರು ವಾರ ಹಾಕಿದ್ವಿ. ಬಾವು ಇಳೀತು, ಸ್ನಾಯು 7 ಚಿಲ್ಲರ ಇದ್ದದ್ದು 6ರ ಹತ್ರ ಬಂತು. ಮಾಲಗಣ್ಣು ಪೂರಾ ಹೋಗಲಿಲ್ಲ ಮತ್ತ, ಎರಡೆರಡು ಕಾಣದಂಗ ಪ್ರಿಸಂ ಕನ್ನಡಕ ಕೊಟ್ಟೀನಿ, ಆರು ತಿಂಗಳು ಅಳತಿ ಕದಲದೆ ನಿಂತ್ರ ಆಪರೇಷನ್.

ಇದರ ನಡುವ ಇನ್ನೊಂದು ಹುಚ್ಚು, ಮ್ಯಾಲೆ ನೋಡಿಸಿ ಕಣ್ಣಿನ ಪ್ರೆಷರ್ ತಗಿಯೋದು. ಒಬ್ಬ ತಾಯಿಗೆ ನೆಟ್ಟಗ 18, ಮ್ಯಾಲೆ ನೋಡಿದ್ರ 27 ಇರಬೇಕು, ಪಾಪ ಎರಡು ವರ್ಷದಿಂದ ಗ್ಲಾಕೋಮಾ ಡ್ರಾಪ್ಸ್‌ಗೆ ತಿಂಗಳಾ ಐನೂರು ಸುರೀತಿದ್ರು. ಕಣ್ಣಿನ ನರ, ಫೀಲ್ಡ್ (ಸುತ್ತಲ ನೋಟದ ಟೆಸ್ಟ್) ಎರಡೂ ಚಲೋ ಇದ್ವು, ಬಿಗಿಯಾದ ಸ್ನಾಯು ಗುಡ್ಡಿ ಒತ್ತತಿತ್ತು ಅಷ್ಟೇ.

ಒಂದು ಸೋಲು ಒಪ್ಕೋತೀನಿ, ಕಣ್ಣಿನ ಗೂಡಿನ ಹಿಂದಿನ ತುದಿ ಈ ಮಷಿನ್ನಿಗೆ ಕಾಣಂಗಿಲ್ಲ, ನರ ಹಿಸುಕೋದು ಅಲ್ಲೇ. ಕೆಂಪು ಬಣ್ಣ ಮಾಸಿ ಕಾಣ್ತದ ಅಂದ್ರ ನರಕ್ಕ ಪೆಟ್ಟು ಬಿದ್ದಿರಬಹುದು, ಹಂಗ ಅಂದವರನ್ನ ಅಳಿಯಾಕೂ ಹೋಗಂಗಿಲ್ಲ, ಅವತ್ತೇ ಸಿಟಿ ಸ್ಕ್ಯಾನ್‌ಗೆ ಓಡಸ್ತೀನಿ. ಬೀಡಿ ಈ ಜಡ್ಡು ಹೆಚ್ಚಿಸ್ತದ ಅಂದ್ರೂ ಮುನ್ಶಿ ಮಾತ್ರ ಹೊರಗ ಬೀಡಿ ಸೇದೇ ಒಳಗ ಬರ್ತಾರ ಇನ್ನೂ.