ಮೊದಲ ಥ್ರೆಡ್‌ವರೆಗೆ ಇಳಿಯದ ಮೂಳೆ: ನನ್ನ ಅನುಭವ

"ಮೊದಲ ವರ್ಷ ಒಂದು, ಒಂದೂವರೆ ಮಿಲಿಮೀಟರ್ ಮೂಳೆ ಇಳಿಯೋದು ಸಹಜ ಡಾಕ್ಟ್ರೇ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ." ಹಲ್ಲಿನ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಸ್ಕ್ರೂ, ಇಡಲು ಶುರು ಮಾಡಿದ ದಿನದಿಂದ ಈ ಮಾತು ಕೇಳುತ್ತಾ ಬಂದೆ. ಕಲಿಸಿದವರೂ ಹೇಳಿದರು, ಇಂಪ್ಲಾಂಟ್ ಮಾರಲು ಬಂದವರೂ ಹೇಳಿದರು. ವರ್ಷ ಕಳೆದು ಎಕ್ಸ್‌ರೇ ತೆಗೆದರೆ ಮೂಳೆ ಸರಿಯಾಗಿ ಆ ಸ್ಕ್ರೂವಿನ ಮೊದಲ ಥ್ರೆಡ್‌ಗೆ (ಸುರುಳಿ ಗೆರೆಗೆ) ಬಂದು ನಿಂತಿರುತ್ತಿತ್ತು. ಎಲ್ಲರ ಕೇಸೂ ಹಾಗೇ ಇತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಈಗ ನನ್ನ ಬಹುಪಾಲು ಕೇಸುಗಳಲ್ಲಿ ಹಾಗೆ ಇಳಿಯುತ್ತಿಲ್ಲ. ಐದಾರು ವರ್ಷದ ಎಕ್ಸ್‌ರೇಯಲ್ಲೂ ಮೂಳೆ ಇಂಪ್ಲಾಂಟ್‌ನ ಹೆಗಲ ಮೇಲೇ, ಅಂದರೆ ಅದರ ಮೇಲಂಚಿನ ಮೇಲೇ ಕೂತಿದೆ. ಇಲ್ಲಿಗೆ ಬರುವ ಮೊದಲು ತುಂಬಾ ದುಡ್ಡು ಕಳೆದುಕೊಂಡೆ, ಒಳ್ಳೆಯ ಪೇಷೆಂಟ್‌ಗಳ ಮುಂದೆ ತಲೆ ತಗ್ಗಿಸಿದ್ದೂ ಇದೆ. ಅದನ್ನೇ ಬರೆಯುತ್ತಿದ್ದೇನೆ.

ಆ "ಸಹಜ" ಅನ್ನುವ ಲೆಕ್ಕ ಹಳೆಯದು. 1986ರಲ್ಲಿ ಸ್ವೀಡನ್‌ನ ಇಂಪ್ಲಾಂಟ್ ಸಂಶೋಧಕ ಅಲ್ಬ್ರೆಕ್ಟ್‌ಸನ್ ಮತ್ತು ಜೊತೆಗಾರರು ಹಾಕಿದ ಗೆರೆ ಇದು: ಮೊದಲ ವರ್ಷ ಕಳೆದ ಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಮ್ಮಿ ಇಳಿದರೆ ಗೆದ್ದ ಹಾಗೆ. ಆಗಿನ ಇಂಪ್ಲಾಂಟ್ ಎಂದರೆ ನುಣುಪು ಮೈ, ತಲೆ ಮೇಲೆ 0.7 ಮಿ.ಮೀ. ಎತ್ತರದ ಹೆಕ್ಸ್ (ಆರು ಮೂಲೆಯ ಗುಬುಟು), ಮೇಲಿನ ತುಂಡು ಬಂದು ಕೂರುವ ಚಪ್ಪಟೆ ಜೋಡಣೆ. ಆ ಡಿಸೈನ್‌ಗೆ ಆ ಗೆರೆ ಸರಿ. ಡಿಸೈನ್ ಬದಲಾದ ಮೇಲೂ ನಾವು ಅದೇ ಗೆರೆ ಹಿಡಿದುಕೊಂಡು ಕೂತಿದ್ದೆವು.

ನನಗೆ ಮೊದಲು ಆಸೆ ಹುಟ್ಟಿಸಿದ್ದು ಪ್ಲಾಟ್‌ಫಾರ್ಮ್ ಸ್ವಿಚಿಂಗ್, ಅಂದರೆ ಇಂಪ್ಲಾಂಟ್‌ಗಿಂತ ಕಿರಿದಾದ ಅಬಟ್‌ಮೆಂಟ್ (ಇಂಪ್ಲಾಂಟ್ ಮತ್ತು ಕೃತಕ ಹಲ್ಲಿನ ನಡುವಿನ ಜೋಡಣೆ ತುಂಡು) ಹಾಕುವುದು. ಅದರ ಕಥೆ ಚೆನ್ನಾಗಿದೆ. 90ರ ದಶಕದ ಶುರುವಿನಲ್ಲಿ 5 ಮತ್ತು 6 ಮಿ.ಮೀ. ದಪ್ಪದ ಇಂಪ್ಲಾಂಟ್‌ಗಳು ಬಂದಾಗ ಅವಕ್ಕೆ ಸರಿಹೊಂದುವ ಅಬಟ್‌ಮೆಂಟ್ ಇರಲಿಲ್ಲ. 4.1 ಮಿ.ಮೀ.ದನ್ನೇ ಹಾಕಿದರು. ವರ್ಷಗಳ ನಂತರ ನೋಡಿದರೆ ಅವುಗಳ ಸುತ್ತ ಮೂಳೆ ಕಮ್ಮಿ ಇಳಿದಿತ್ತು. 2006ರಲ್ಲಿ ಲಜ್ಜಾರಾ ಮತ್ತು ಪೋರ್ಟರ್ ಎಂಬ ಸಂಶೋಧಕರು ಇದನ್ನು ಬರೆದರು. ಜೋಡಣೆಯ ಸಂದು ಮೂಳೆಯ ಅಂಚಿನಿಂದ ಒಳಗೆ ಸರಿದರೆ ಅಲ್ಲಿನ ಉರಿಯೂತವೂ ಮೂಳೆಯಿಂದ ದೂರ ಸರಿಯುತ್ತದೆ ಅನ್ನುವುದು ಅವರ ವಾದ.

ಓದಿದ ತಕ್ಷಣ ಓಡಿದೆ. ದಪ್ಪ ಇಂಪ್ಲಾಂಟ್‌ಗಳ ಒಂದು ಪೂರ್ತಿ ಬಾಕ್ಸ್ ತರಿಸಿದೆ. ಬೆರಳೆಣಿಕೆಯ ಕೇಸುಗಳಿಗೆ ಅಷ್ಟು ಸ್ಟಾಕ್ ಬೇಕಿರಲಿಲ್ಲ, ಆದರೂ ತರಿಸಿದೆ. ಸುಮಾರು ಹದಿನೈದು ಕೇಸಿಗೆ 5 ಮಿ.ಮೀ. ಇಂಪ್ಲಾಂಟ್, ಅದರ ಮೇಲೆ ಸಣ್ಣ ಅಬಟ್‌ಮೆಂಟ್. ಎಕ್ಸ್‌ರೇಯಲ್ಲಿ ಎರಡೂ ಪಕ್ಕದ ಮೂಳೆ ಚೆನ್ನಾಗಿ ಕಂಡಿತು. ನಾನು ಬೀಗಿದೆ. ಒಂದೂವರೆ ವರ್ಷಕ್ಕೆ ನಾಲ್ಕೈದು ಕೇಸುಗಳಲ್ಲಿ ಕೆನ್ನೆ ಬದಿಯ ಒಸಡು ಇಳಿಯಿತು, ಬೂದು ಬಣ್ಣ ಕಾಣತೊಡಗಿತು. ದಪ್ಪ ಇಂಪ್ಲಾಂಟ್ ಹಾಕಲು ಹೋಗಿ ಕೆನ್ನೆ ಬದಿಯ ಗೋಡೆಯನ್ನು ಒಂದು ಮಿ.ಮೀ.ಗಿಂತ ತೆಳ್ಳಗೆ ಮಾಡಿದ್ದೆ. ಎಕ್ಸ್‌ರೇ ಕೆನ್ನೆ ಬದಿಯನ್ನು ತೋರಿಸಲ್ಲ ಅಲ್ವಾ? ಆ ಗೋಡೆ ಹತ್ತತ್ತಿರ ಎರಡು ಮಿ.ಮೀ. ಇಲ್ಲದಿದ್ದರೆ ಉಳಿಯುವುದು ಕಷ್ಟ. ಆಮೇಲೆ ಮತ್ತೆ ದಪ್ಪದ ಕಡೆ ಹೋಗಲಿಲ್ಲ. ಈಗ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು 3.5 ರಿಂದ 4.3 ಮಿ.ಮೀ. ಒಳಗೇ ಮುಗಿಯುತ್ತದೆ.

ಎರಡನೆಯ ಪೆಟ್ಟು ಇದಕ್ಕಿಂತ ದೊಡ್ಡದು. ಮೂಳೆ ಹೇಗೂ ಇಳಿಯುತ್ತದೆ, ಹಾಗಿದ್ದರೆ ಇಂಪ್ಲಾಂಟನ್ನೇ ಮೊದಲೇ ಒಂದೂವರೆ ಮಿ.ಮೀ. ಆಳಕ್ಕೆ ಇಳಿಸಿಬಿಟ್ಟರೆ ಥ್ರೆಡ್ ಹೊರಗೆ ಕಾಣಲ್ಲ ಎಂದು ಲೆಕ್ಕ ಹಾಕಿದೆ. ನನ್ನ ಹತ್ತಿರ ಇದ್ದದ್ದು ಚಪ್ಪಟೆ ಜೋಡಣೆಯವು, ಕುತ್ತಿಗೆ ಒಂದು ಮಿ.ಮೀ.ಯಷ್ಟು ನುಣುಪು. ಅವನ್ನೇ ಇಳಿಸಿದೆ. ಮೂಳೆ ಸಂದಿನ ಕೆಳಗೆ ಇನ್ನೂ ಎರಡು ಮಿ.ಮೀ. ಓಡಿತು. ಇಳಿಸಿದಷ್ಟೂ ಹಿಂದೆ ಸರಿಯಿತು. ನುಣುಪು ಕುತ್ತಿಗೆಯನ್ನು ಮೂಳೆ ಹಿಡಿಯಲಿಲ್ಲ, ಒರಟು ಮೈ ಶುರುವಾಗುವ ಜಾಗಕ್ಕೆ ಹೋಗಿ ನಿಂತಿತು. ಮೂರು ಕೇಸುಗಳಲ್ಲಿ ಒಸಡು ಬಿಟ್ಟುಕೊಂಡು ಆಳವಾದ ಪಾಕೆಟ್ (ಸಂದು), ಮುಟ್ಟಿದರೆ ರಕ್ತ. ಅವರ ಕ್ರೌನ್ (ಮೇಲಿನ ಕೃತಕ ಹಲ್ಲು) ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಹಾಕಿಕೊಟ್ಟೆ, ದುಡ್ಡು ಕೇಳಲಿಲ್ಲ.

ಆಗ ಸೀನಿಯರ್ ಒಬ್ಬರು ನನ್ನ ಎಕ್ಸ್‌ರೇ ನೋಡಿ, "ಕಣ್ಣಿಗೆ ಕಾಣೋ ಹಾಗೆ ಮೇಲೆ ಇಡಪ್ಪಾ, ಹೊಸತು ಮಾಡಕ್ಕೆ ಹೋಗ್ಬೇಡ" ಎಂದರು. ಅವರ ಮಾತು ಆ ಇಂಪ್ಲಾಂಟ್‌ಗೆ ನೂರಕ್ಕೆ ನೂರು ಸರಿ. ನಾನು ಆಳವನ್ನು ಬದಲಿಸಿದ್ದೆ, ಜೋಡಣೆಯನ್ನು ಬದಲಿಸಿರಲಿಲ್ಲ.

ಇದು ತಲೆ ಹೊಕ್ಕ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಅವಧಿ ಮುಗಿದ ಇಂಪ್ಲಾಂಟ್‌ಗಳ ಒಳಗೆ ನೀಲಿ ಬಣ್ಣದ ಹನಿ ಬಿಟ್ಟು, ಅಬಟ್‌ಮೆಂಟನ್ನು ತಯಾರಕರು ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿದು, ತಿಳಿನೀರಿನಲ್ಲಿ ಮುಳುಗಿಸಿದೆ. ಸುಮ್ನೆ ಇಟ್ಟರೆ ಏನೂ ಆಗಲಿಲ್ಲ. ಒಂದು ಮೋಟಾರ್ ಕಟ್ಟಿ ಓರೆಯಾಗಿ ತಟ್ಟುತ್ತಾ ಇಟ್ಟೆ. ಚಪ್ಪಟೆ ಜೋಡಣೆಯವು ಕೆಲವೇ ಗಂಟೆಗಳಲ್ಲಿ ನೀರಿಗೆ ನೀಲಿ ಬಿಟ್ಟವು. ಕೋನ್ ಆಕಾರದ ಜೋಡಣೆಯವು ರಾತ್ರಿ ಪೂರ್ತಿ ತಡೆದವು. ಎರಡನೆಯ ದಿನ ಅದರಲ್ಲೂ ತೆಳು ನೀಲಿ ಕಂಡಿತು. ಅಂದರೆ ಕೋನ್ ಜೋಡಣೆ ಪೂರ್ತಿ ಮುಚ್ಚುತ್ತದೆ ಅನ್ನುವ ಮಾತೂ ನಿಜವಲ್ಲ. ಆದರೆ ಅಲುಗಾಟ ತುಂಬಾ ಕಮ್ಮಿ. ಮೂಳೆಯ ಪಕ್ಕದಲ್ಲೇ ಪ್ರತಿ ಸಲ ಅಗಿದಾಗ ತೆರೆದು ಮುಚ್ಚುವ ಬಾಯಿ ಇದ್ದರೆ ಏನಾಗುತ್ತದೆ ಎಂದು ಆ ನೀಲಿ ನೀರು ನನಗೆ ತೋರಿಸಿಕೊಟ್ಟಿತು.

ಹಾಗಾಗಿ ಪೂರ್ತಿ ಸಿಸ್ಟಂ ಬದಲಿಸಿದೆ. ಕೋನ್ ಜೋಡಣೆ, ಅಬಟ್‌ಮೆಂಟ್ ಹೆಗಲಿಗಿಂತ ಕಿರಿದು, ಹೆಗಲವರೆಗೂ ಒರಟು ಮೈ, ಕುತ್ತಿಗೆಯಲ್ಲಿ ಸಣ್ಣ ಥ್ರೆಡ್. ಹೊಸ ಸರ್ಜಿಕಲ್ ಕಿಟ್, ಹೊಸ ಡ್ರೈವರ್‌ಗಳು, ಅಚ್ಚು ತೆಗೆಯಲು ಇಂಪ್ರೆಷನ್ ಕೋಪಿಂಗ್, ಲ್ಯಾಬ್‌ಗೆ ಅನಲಾಗ್ (ಇಂಪ್ಲಾಂಟ್‌ನ ನಕಲು). ಆ ದುಡ್ಡಲ್ಲಿ ಹಳೆಯ ಇಂಪ್ಲಾಂಟ್ ಮೂವತ್ತಾದರೂ ಬರುತ್ತಿತ್ತು. ಹಳೆಯ ಸ್ಟಾಕ್ ವಾಪಸ್ ತೆಗೆದುಕೊಳ್ಳುತ್ತೇವೆ ಎಂದಿದ್ದ ಮಾರಾಟಗಾರ ಆಮೇಲೆ ಫೋನ್ ಎತ್ತಲಿಲ್ಲ. ಹಳೆಯ ಕಿಟ್ ಎಸೆಯುವ ಹಾಗೂ ಇಲ್ಲ, ಹಳೆಯ ಪೇಷೆಂಟ್‌ಗಳ ಸ್ಕ್ರೂ ಸಡಿಲವಾದರೆ ಅದೇ ಡ್ರೈವರ್ ಬೇಕು. ಹೀಗೆ ಎರಡು ಸಂಸಾರ ನಡೆಸುವ ಖರ್ಚು.

ಹೊಸ ಇಂಪ್ಲಾಂಟ್‌ನ ಥ್ರೆಡ್ ಆಳ, ಅಂಚು ಚೂಪು. ಮೇಲ್ದವಡೆಯ ಹಿಂಭಾಗದ ಮೆತ್ತನೆಯ ಮೂಳೆಯಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದೇ ಖುಷಿಯಲ್ಲಿ ಕೆಳದವಡೆಯ ಮುಂಭಾಗದಲ್ಲೂ ಅದೇ ಡ್ರಿಲ್ ಕ್ರಮದಲ್ಲಿ ತಿರುಗಿಸಿದೆ. ಟಾರ್ಕ್ 70 ನ್ಯೂಟನ್-ಸೆಂ.ಮೀ. ದಾಟಿತು. ಗಟ್ಟಿ ಕೂತಿದೆ ಎಂದು ಅಸಿಸ್ಟೆಂಟ್‌ಗೆ ತೋರಿಸಿದೆ ಕೂಡ. ಮೂರು ತಿಂಗಳಿಗೆ ಕುತ್ತಿಗೆ ಸುತ್ತ ತಟ್ಟೆಯ ಹಾಗೆ ಮೂಳೆ ಕರಗಿತ್ತು. ಇನ್ನೂ ಹಲ್ಲು ಕೂರಿಸಿರಲಿಲ್ಲ, ಅಗಿಯುವ ಭಾರ ಬಿದ್ದಿರಲಿಲ್ಲ. ಮೇಲಿನ ಗಟ್ಟಿ ಪದರವನ್ನು ನಾನೇ ಹಿಂಡಿ ಸಾಯಿಸಿದ್ದೆ. ಎರಡು ಇಂಪ್ಲಾಂಟ್ ಹೀಗೆ ಹೋದವು.

ಅಲ್ಲಿಂದ ಗಟ್ಟಿ ಮೂಳೆಯಲ್ಲಿ ಮೇಲಿನ ಮೂರು ಮಿ.ಮೀ.ಯನ್ನು ಬೇರೆ ಡ್ರಿಲ್‌ನಲ್ಲಿ ಅಗಲ ಮಾಡುತ್ತೇನೆ. ಹಿಡಿತ ಕೆಳಗಿನ ಮೂಳೆಯಿಂದ ಬರಬೇಕು, ಕುತ್ತಿಗೆಯಲ್ಲಿ ಒತ್ತಡ ಇರಬಾರದು. ಟಾರ್ಕ್ 35ರ ಆಸುಪಾಸು ಸಾಕು. 50ಕ್ಕೆ ಹೋಯಿತೆಂದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಡ್ರಿಲ್ ಹಾಕುತ್ತೇನೆ. ಇಂಪ್ಲಾಂಟ್ ಎಷ್ಟು ಅಲುಗದೆ ಕೂತಿದೆ ಎಂದು ಹೇಳುವ ಅಂಕ, ಐಎಸ್‌ಕ್ಯೂ, 65, 70 ಬಂದರೆ ನನಗೆ ನೆಮ್ಮದಿ. ಟಾರ್ಕ್ ಜಾಸ್ತಿ ಬಂದಷ್ಟೂ ಐಎಸ್‌ಕ್ಯೂ ಏರುತ್ತದೆ ಅಂದುಕೊಂಡಿದ್ದೆ, ನನ್ನ ಕೇಸುಗಳಲ್ಲಿ ಹಾಗೆ ಕಾಣಲಿಲ್ಲ.

ನಡುವೆ ಡ್ರಿಲ್ ಬಿಸಿಯ ಹುಚ್ಚು ಹಿಡಿಯಿತು. 47 ಡಿಗ್ರಿ ಒಂದು ನಿಮಿಷ ನಿಂತರೆ ಮೂಳೆಗೆ ಪೆಟ್ಟು ಎಂದು 1983ರಲ್ಲೇ ಎರಿಕ್ಸನ್ ಮತ್ತು ಅಲ್ಬ್ರೆಕ್ಟ್‌ಸನ್ ತೋರಿಸಿದ್ದರು. ದನದ ಪಕ್ಕೆಲುಬಿಗೆ ತಾಪ ಅಳೆಯುವ ತಂತಿ ಸಿಕ್ಕಿಸಿ ನಲವತ್ತು, ಐವತ್ತು ರಂಧ್ರ ಕೊರೆದೆ. ವೇಗಕ್ಕಿಂತ ಡ್ರಿಲ್ ಸವೆದಿರುವುದೇ ದೊಡ್ಡ ವ್ಯತ್ಯಾಸ ಮಾಡಿತು. ಒತ್ತಿ ಹಿಡಿದು ಕೊರೆದಾಗ ಏರಿದ ಬಿಸಿ, ಎತ್ತಿ ಇಳಿಸಿ ಕೊರೆದಾಗ ಅರ್ಧಕ್ಕಿಂತ ಕಮ್ಮಿ. ಅದಾದ ಮೇಲೆ ಡ್ರಿಲ್ ಎಷ್ಟು ಸಲ ಬಳಸಿದೆ ಎಂದು ಡಬ್ಬಿಯ ಮೇಲೆ ಗೀಟು ಹಾಕುವ ಅಭ್ಯಾಸ ಬಂತು.

ಇಷ್ಟೆಲ್ಲ ಆದರೂ ಕೆಲವು ಕೇಸುಗಳಲ್ಲಿ ಮೂಳೆ ಇಳಿಯುತ್ತಲೇ ಇತ್ತು. ಅದೇ ಇಂಪ್ಲಾಂಟ್, ಅದೇ ಕೈ, ಅದೇ ಟಾರ್ಕ್. ಒಂದೇ ಬಾಯಲ್ಲಿ ಎಡಗಡೆ ಚೆನ್ನಾಗಿದೆ, ಬಲಗಡೆ ಒಂದು ಮಿ.ಮೀ. ಹೋಗಿದೆ. ಆ ಪೇಷೆಂಟ್‌ನ ಹಳೆಯ ಫೋಟೋ ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಬಲಗಡೆ ಒಸಡು ಕಾಗದದ ಹಾಗೆ ತೆಳ್ಳಗಿತ್ತು.

ಲಿಥುವೇನಿಯಾದ ದಂತವೈದ್ಯ ಲಿಂಕೆವಿಷಿಯಸ್ 2009ರಲ್ಲಿ ಹೇಳಿದ್ದು ಇದನ್ನೇ: ಒಸಡು ಎರಡು ಮಿ.ಮೀ.ಗಿಂತ ತೆಳ್ಳಗಿದ್ದರೆ ಮೂಳೆ ಇಳಿಯುತ್ತದೆ. ಆಮೇಲಿನ ಕೆಲಸದಲ್ಲಿ ಪ್ಲಾಟ್‌ಫಾರ್ಮ್ ಸ್ವಿಚಿಂಗ್ ಇದ್ದರೂ ತೆಳು ಒಸಡಿನಲ್ಲಿ ಕಾಪಾಡಲ್ಲ ಎಂದೂ ತೋರಿಸಿದರು. ದೇಹ ತನಗೆ ಬೇಕಾದ ಮೂರು, ನಾಲ್ಕು ಮಿ.ಮೀ. ಮುಚ್ಚಳವನ್ನು ಎಲ್ಲಿಂದಾದರೂ ಮಾಡಿಕೊಳ್ಳುತ್ತದೆ. ಒಸಡಿನಲ್ಲಿ ಸಿಗದಿದ್ದರೆ ಮೂಳೆಯನ್ನು ಇಳಿಸಿ ಜಾಗ ಮಾಡಿಕೊಳ್ಳುತ್ತದೆ. ನಾನು ಅಷ್ಟು ವರ್ಷ ಮೂಳೆಯ ಅಂಚು ನೋಡಿ ಆಳ ನಿರ್ಧರಿಸುತ್ತಿದ್ದೆ. ನೋಡಬೇಕಾದ್ದು ಒಸಡಿನ ದಪ್ಪ.

ಈಗ ಹೀಗೆ ಮಾಡುತ್ತೇನೆ. ಕೆನ್ನೆ ಬದಿಯ ಒಸಡು ಮಾತ್ರ ಎತ್ತಿ, ನಾಲಿಗೆ ಬದಿಯದನ್ನು ಎತ್ತುವ ಮೊದಲೇ ಪ್ರೋಬ್‌ನಿಂದ ಅದರ ದಪ್ಪ ಅಳೆಯುತ್ತೇನೆ. ಅರ್ಧ ನಿಮಿಷದ ಕೆಲಸ. ಮೂರು ಮಿ.ಮೀ. ಅಥವಾ ಜಾಸ್ತಿ ಇದ್ದರೆ ಮೂಳೆ ಮಟ್ಟಕ್ಕೆ, ಇಲ್ಲಾ ಅರ್ಧ ಮಿ.ಮೀ. ಕೆಳಗೆ. ಎರಡಿದ್ದರೆ ಒಂದರಿಂದ ಒಂದೂವರೆ ಕೆಳಗೆ. ಅದಕ್ಕಿಂತ ತೆಳ್ಳಗಿದ್ದರೆ ಒಂದೂವರೆಯಿಂದ ಎರಡು, ಕೆಳಗೆ ನರಕ್ಕೆ ಜಾಗವಿದ್ದರೆ ಮಾತ್ರ. ಜಾಗ ಇಲ್ಲದಿದ್ದರೆ ಆಳಕ್ಕೆ ಹೋಗದೆ ಒಸಡನ್ನೇ ದಪ್ಪ ಮಾಡುತ್ತೇನೆ. ಎರಡು ಇಂಪ್ಲಾಂಟ್ ಪಕ್ಕಪಕ್ಕ ಬಂದರೆ ನಡುವೆ ಮೂರು ಮಿ.ಮೀ., ಪಕ್ಕದ ಹಲ್ಲಿಗೆ ಒಂದೂವರೆ, ಇದರಲ್ಲಿ ರಾಜಿ ಇಲ್ಲ.

ಆಮೇಲೆ ಅಬಟ್‌ಮೆಂಟ್ ಎತ್ತರ. ಇದನ್ನು ಲ್ಯಾಬ್‌ಗೆ ಬಿಟ್ಟರೆ ಕೈಗೆ ಸಿಕ್ಕ ಒಂದು ಮಿ.ಮೀ.ದನ್ನು ಹಾಕಿ ಕಳಿಸುತ್ತಾರೆ. ಆಗ ಕ್ರೌನ್‌ನ ಹೊಟ್ಟೆ ನೇರ ಮೂಳೆಯ ಮೇಲೆ ಬಂದು ಕೂರುತ್ತದೆ. ನಾನು ಎರಡಕ್ಕಿಂತ ಕಮ್ಮಿ ಒಪ್ಪಲ್ಲ, ಹೆಚ್ಚಿನ ಕೇಸಿಗೆ ಮೂರು. ಕ್ರೌನ್ ಅಲ್ಲಿಂದ ಮೆಲ್ಲಗೆ ಅಗಲವಾಗಬೇಕು, 30 ಡಿಗ್ರಿ ದಾಟಬಾರದು. ಸಾಧ್ಯವಾದಲ್ಲೆಲ್ಲ ಸಿಮೆಂಟ್ ಬದಲು ಸ್ಕ್ರೂನಿಂದ ಕೂರಿಸುವ ಕ್ರೌನ್. ಒಸಡಿನ ಒಳಗೆ ಉಳಿದ ಸಿಮೆಂಟ್ ತೆಗೆಯಲು ಹೋಗಿ ನಾನು ಹಿಂದೆ ಒಂದು ಇಂಪ್ಲಾಂಟ್ ಕಳೆದುಕೊಂಡಿದ್ದೇನೆ. ಒಸಡು ಮಾಯುವವರೆಗೆ ಇಡುವ ತಾತ್ಕಾಲಿಕ ಹೀಲಿಂಗ್ ಅಬಟ್‌ಮೆಂಟನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುವುದನ್ನೂ ನಿಲ್ಲಿಸಿದೆ. ಪ್ರತಿ ಸಲ ಬಿಚ್ಚಿದಾಗ ಅಂಟಿಕೊಂಡ ಒಸಡು ಹರಿಯುತ್ತದೆ. ಕೊನೆಯ ಅಬಟ್‌ಮೆಂಟ್ ಸರ್ಜರಿ ದಿನವೇ ಹಾಕಲು ಆಗುವ ಕೇಸಿನಲ್ಲಿ ಅವತ್ತೇ ಹಾಕಿಬಿಡುತ್ತೇನೆ.

ಕೆಳಗೆ ಇಳಿಸಿದ ಇಂಪ್ಲಾಂಟ್‌ಗೆ ಅಬಟ್‌ಮೆಂಟ್ ಪೂರ್ತಿ ಕೂರಬೇಕಾದರೆ ಸುತ್ತಲಿನ ಮೂಳೆಯ ಅಂಚನ್ನು ಪ್ರೊಫೈಲರ್ ಎಂಬ ಡ್ರಿಲ್‌ನಿಂದ ಕೆತ್ತಬೇಕು. ಎಷ್ಟು ಕೆತ್ತಬೇಕು, ಆ ಪುಡಿಯನ್ನು ಏನು ಮಾಡುತ್ತೇನೆ ಅನ್ನುವುದು ನನ್ನ ಕೈಚಳಕ, ಇಲ್ಲಿ ಬರೆಯಲ್ಲ. ಇಳಿಜಾರು ಮೂಳೆಯಲ್ಲಿ ಯಾವ ಬದಿಯನ್ನು ಅಳತೆಗೆ ಹಿಡಿಯುತ್ತೇನೆ ಅನ್ನುವುದೂ ಅಷ್ಟೇ. ಎದುರು ಕೂತು ಕೆಲಸ ನೋಡಿದವರಿಗೆ ತೋರಿಸಿದ್ದೇನೆ.

ಹೀಗೆ ಆರು ವರ್ಷದಲ್ಲಿ ನೂರ ನಲವತ್ತರ ಹತ್ತಿರ ಇಟ್ಟಿದ್ದೇನೆ. ಹೋದದ್ದು ಮೂರು, ಮೂರೂ ಹಲ್ಲು ಕೂರಿಸುವ ಮೊದಲೇ. ಉಳಿದವುಗಳಲ್ಲಿ ಹತ್ತರಲ್ಲಿ ಎಂಟಕ್ಕೆ ಮೂಳೆ ಹೆಗಲಿನ ಮೇಲೋ ಹೆಗಲ ಮಟ್ಟದಲ್ಲೋ ಇದೆ. ಎಕ್ಸ್‌ರೇ ಎಲ್ಲ ಹೋಲ್ಡರ್‌ನಲ್ಲಿ ತೆಗೆದದ್ದು, ಎರಡೂ ಬದಿಯ ಥ್ರೆಡ್ ಚೂಪಾಗಿ ಕಾಣದಿದ್ದರೆ ಲೆಕ್ಕಕ್ಕೆ ಹಿಡಿಯಲ್ಲ. ಥ್ರೆಡ್‌ನಿಂದ ಥ್ರೆಡ್‌ಗೆ ಎಷ್ಟು ದೂರ ಎಂದು ಗೊತ್ತಿರುವುದರಿಂದ ಅಳತೆಗೆ ಅದೇ ಸ್ಕೇಲ್. "ಮೇಲೆ ಇಡಪ್ಪಾ" ಎಂದಿದ್ದ ಸೀನಿಯರ್‌ಗೆ ಐದು ವರ್ಷದ ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು ತೋರಿಸಿದೆ. ತುಂಬಾ ಹೊತ್ತು ನೋಡಿ, "ಒಸಡು ಯಾವಾಗ ಅಳೀತೀಯಾ, ಎತ್ತೋ ಮೊದಲಾ?" ಎಂದಷ್ಟೇ ಕೇಳಿದರು.

ಉಳಿದ ಹತ್ತರಲ್ಲಿ ಎರಡು ಯಾರವು ಎಂದರೆ, ಹೆಚ್ಚಿನವರು ಸಿಗರೇಟು ಬಿಡದವರು, ಹಳೆಯ ಒಸಡು ಕಾಯಿಲೆಯವರು, ಶುಗರ್ ಹಿಡಿತದಲ್ಲಿ ಇಲ್ಲದವರು. ಅವರಿಗೆ ಯಾವ ಜೋಡಣೆಯೂ ಗ್ಯಾರಂಟಿ ಕೊಡಲ್ಲ. ಮೊದಲೇ ಹೇಳಿ, ಆರು ತಿಂಗಳಿಗೊಮ್ಮೆ ಕರೆಸಿಕೊಳ್ಳುತ್ತೇನೆ.

ಹೊಸದಾಗಿ ಬದಲಿಸುವವರು ಸ್ಟಾಕ್ ತರಿಸುವಾಗ ಒಂದು ಮಾತು. ಇಂಪ್ಲಾಂಟ್ ಉದ್ದದಲ್ಲಿ ಐದು ಬಗೆ ಇಟ್ಟುಕೊಳ್ಳಬೇಡಿ, 8 ಮತ್ತು 10 ಮಿ.ಮೀ. ಸಾಕು. ಆ ದುಡ್ಡನ್ನು ಅಬಟ್‌ಮೆಂಟ್ ಎತ್ತರಗಳಿಗೆ ಹಾಕಿ. ಮೂರು ಮಿ.ಮೀ.ದು ಯಾವಾಗಲೂ ಹತ್ತು ಇರಲಿ. ಒಂದು ಮಿ.ಮೀ.ದು ನಾಲ್ಕು ವರ್ಷದಿಂದ ನನ್ನ ಡ್ರಾಯರ್‌ನಲ್ಲೇ ಇವೆ, ಪ್ಯಾಕೆಟ್ ಒಡೆದಿಲ್ಲ.