ರೇಡಿಯೇಟರ್ ಕೋರ್ ಬದಲಿಸದೆ ಆಸ್ಟಿನ್ 7, ಮಾರಿಸ್ ಮೈನರ್ 1000 ಎರಡರ ಕುದಿತ ನಿಲ್ಲಿಸಿದ್ದು

ನನ್ನ ಈ ಎರಡು ಹಳೆಯ ಬ್ರಿಟಿಷ್ ಕಾರುಗಳಿಗೂ ಹೊಸ ಕೋರ್, ಅಂದರೆ ರೇಡಿಯೇಟರ್ ನಡುವಿನ ಕೊಳವೆಗಳ ಜಾಲರಿ, ಹಾಕಿಸದೆ ಆಗೋದಿಲ್ಲ ಅಂತಲೇ ಎಲ್ಲರೂ ಹೇಳಿದ್ದರು. ಕೇಳಿದ ರೇಟು ನಲವತ್ತು ಸಾವಿರದ ಹತ್ತಿರ. ಕೊನೆಗೆ ಫಲ ಕೊಟ್ಟ ಕೆಲಸಕ್ಕೆ ನನಗೆ ಖರ್ಚಾಗಿದ್ದು ಐದಾರು ಸಾವಿರ, ಅದರಲ್ಲಿ ಅರ್ಧ ಗ್ಯಾಸ್ಕೆಟ್‌ಗೇ ಹೋಯಿತು. ಈ ಬೇಸಿಗೆಯಲ್ಲಿ ಎರಡೂ ಚಾಮುಂಡಿ ಬೆಟ್ಟ ಹತ್ತಿದವು, ಮಧ್ಯಾಹ್ನದ ಬಿಸಿಲಲ್ಲೇ.

ಆಸ್ಟಿನ್ 1930ರದ್ದು. ವಾಟರ್ ಪಂಪೇ ಇಲ್ಲ, ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರ್ ಸೇರಬೇಕು. ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುವ ಮುಚ್ಚಳ, ಪ್ರೆಷರ್ ಕ್ಯಾಪೂ ಇಲ್ಲ. ಮೈಸೂರಿನ ಎತ್ತರಕ್ಕೆ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1958ರ ಮೈನರ್‌ಗೆ ಎರಡೂ ಇವೆ. ಆದರೂ ಜಾಸ್ತಿ ಕಾಟ ಕೊಟ್ಟಿದ್ದು ಅದೇ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದೆ, ಏಳೆಂಟು ಸಾವಿರ ದಂಡ. ರೇಡಿಯೇಟರ್ ಕೊಳವೆಗಳಿಗೆ ಸಲಾಕೆ ತೂರಿಸಿ ಕ್ಲೀನ್ ಮಾಡಿಸಿದೆ, ಒಂದು ವಾರ ಚೆನ್ನಾಗಿತ್ತು ಅಷ್ಟೇ.

ಕೊನೆಗೆ ಮೈನರ್‌ನ ಎಂಜಿನ್ ಬ್ಲಾಕಿನಿಂದ ನೀರು ಖಾಲಿ ಮಾಡುವ ಡ್ರೈನ್ ಟ್ಯಾಪ್ ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಕೋರ್ ಪ್ಲಗ್, ಅಂದರೆ ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆ, ತೆಗೆದು ತಂತಿ ತೂರಿಸಿದರೆ ಕಾಫಿ ಗಸಿಯಂಥ ತುಕ್ಕಿನ ಕೆಸರು, ಹಿಂದಿನ ಸಿಲಿಂಡರ್ ಸುತ್ತ ಗಟ್ಟಿಯಾಗಿ ಕೂತಿತ್ತು. ಕೆರೆದಷ್ಟೂ ಬಂತು. ಆಮೇಲೆ ಹೊಸ ಪ್ಲಗ್ ಹೊಡೆದು, ಅರ್ಧ ಕಿಲೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿ, ಒಂದು ಗಂಟೆ ಓಡಿಸಿ ಖಾಲಿ ಮಾಡಿದೆ. ವಾಷಿಂಗ್ ಸೋಡಾ ನೀರು, ಮತ್ತೆ ಬರೀ ನೀರು. ಎರಡು ಸಲ ಹೀಗೆ.

ಆಸ್ಟಿನ್ ಕೆಲಸಕ್ಕೆ ಇನ್ನೂ ಸಲೀಸು. ಸಿಲಿಂಡರ್ ಇರುವ ಬ್ಲಾಕ್ ಬೇರೆ, ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಬೇರೆ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ, ಅದಕ್ಕೆ ಹುಳಿ ತಾಗಲೇಬಾರದು. ಅದಕ್ಕೇ ಬ್ಲಾಕ್ ಎತ್ತಿ ಬೆಂಚ್ ಮೇಲಿಟ್ಟೆ. ಪಕ್ಕದ ನೀರಿನ ಬಾಯಿಗೆ ರಬ್ಬರ್ ಬಿರಡೆ ಬಡಿದು ಸಿಲಿಂಡರ್ ಸುತ್ತ ನೀರು ನಿಲ್ಲುವ ಜಾಕೆಟ್‌ಗೆ ಮಾತ್ರ ಹುಳಿ ತುಂಬಿದೆ, ಪಿಸ್ಟನ್ ಓಡುವ ಬೋರ್ ಒಣಗಿಯೇ ಇತ್ತು. ಎರಡು ಮೂರು ರಾತ್ರಿಗೆ ಒಳಗಿನ ಬೀಡು ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ಕೂರಿಸುವಾಗ ಮೊದಲು ಎರಡು ಪಿಸ್ಟನ್, ಆಮೇಲೆ ಇನ್ನೆರಡು. ಒಬ್ಬನೇ ಪಿಸ್ಟನ್ ರಿಂಗ್ ಮುರಿಯದೆ ಹೇಗೆ ಇಳಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದು ನನ್ನ ಗುಟ್ಟು.

ನಡುವೆ ಹುಣಸೆಹಣ್ಣಿನ ನೀರನ್ನೂ ನೋಡಿದೆ. ರೇಡಿಯೇಟರಿನ ಹಿತ್ತಾಳೆ ಟ್ಯಾಂಕ್ ಫಳಫಳ ಹೊಳೆಯಿತು, ತುಕ್ಕು ಮಾತ್ರ ಜಗ್ಗಲಿಲ್ಲ.

ನನ್ನ ಪ್ರಕಾರ ಇಂಥ ಕೆಲಸಕ್ಕೆ ಹಳೆಯದೇ ಒಳ್ಳೆಯ ಕಾರು. ಮೈನರ್‌ನಲ್ಲಿ ಕೈ ಹೋಗದ ಮೂಲೆ ಇನ್ನೂ ಇದೆ, ಅಲ್ಲಿ ಏನಿದೆಯೋ ಕಾಣೋದಿಲ್ಲ. ಫ್ಯಾನ್ ಬಿಚ್ಚಿ ಮಾರಿದೆ. ಕೋರ್ ಹಾಕಿಸು ಅಂದಿದ್ದ ಗೆಳೆಯರೊಬ್ಬರು ಈಗ ತಮ್ಮ ಮೈನರ್ ತರುತ್ತಿದ್ದಾರೆ. ಹೊಸ ಕೋರ್ ಪ್ಲಗ್ ಮೊದಲೇ ತಂದಿಡಿ ಅಂದಿದ್ದೇನೆ, ಹಳೆಯದು ತೆಗೆದ ಮೇಲೆ ಮತ್ತೆ ಕೂರೋದಿಲ್ಲ.